ನಲವತ್ತು, ಅರವತ್ತು, ನಲವತ್ತೆಂಟು: ಸರಾಸರಿ ವೇಗ ಕಲಿಸುತ್ತಾ ಕಂಡುಕೊಂಡದ್ದು

ಕೊಣ್ಣೂರು ಹೆದ್ದಾರಿಯ ಮೇಲಿನ ಊರು. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ ವಿಜಯಪುರ, ಸೊಲ್ಲಾಪುರದ ಕಡೆ ಹೋಗುವ ರಸ್ತೆ ಇಲ್ಲಿ ಮಲಪ್ರಭೆಯ ಸೇತುವೆ ಏರುತ್ತದೆ. ಹಳಬರ ಬಾಯಲ್ಲಿ ಅದು ಇನ್ನೂ 218, ಈಗಿನ ಬೋರ್ಡಿನಲ್ಲಿ 52. ಲಾರಿ, ಬಸ್ಸು, ಟಮ್‌ಟಮ್, ಕಬ್ಬಿನ ಟ್ರ್ಯಾಕ್ಟರ್ ಎಲ್ಲವೂ ದಿನಾ ಕಣ್ಣೆದುರೇ ಓಡಾಡುವಾಗ ವೇಗದ ಲೆಕ್ಕ ಕಲಿಸಲು ಪುಸ್ತಕದೊಳಗಿನ ಕಾರು ಬೇಕಾಗುವುದಿಲ್ಲ. ಗಣಿತ ಕಲಿಸುವುದು ನನ್ನ ಕಸುಬು. ಹಗಲು ಹೈಸ್ಕೂಲಿನ ಮಕ್ಕಳು. ಸಂಜೆ ಪೊಲೀಸ್, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಎರಡೂ ಕಡೆ ಅತಿ ಹೆಚ್ಚು ತಪ್ಪು ಉತ್ತರ ಬರುವುದು ತ್ರಿಕೋನಮಿತಿಯಲ್ಲಿ ಅಲ್ಲ, ಒಂದೇ ಸಾಲಿನ ಈ ಸರಾಸರಿ ವೇಗದಲ್ಲಿ. ವರ್ಷಗಟ್ಟಲೆ ಅದನ್ನು ಕಲಿಸುತ್ತಾ ನನಗೆ ಹೊಳೆದದ್ದನ್ನು, ಹೊಳೆದ ಕ್ರಮದಲ್ಲೇ ಬರೆದಿಟ್ಟಿದ್ದೇನೆ.

1. ವೇಗ ಕೂಡಿಸಬಾರದು, ಹೊತ್ತು ಕೂಡಿಸಬೇಕು

ನಾನು ಕೊಡುವ ಮೊದಲ ಲೆಕ್ಕ ಯಾವಾಗಲೂ ಇದೇ. ಉಳ್ಳಾಗಡ್ಡಿ ಹೇರಿದ ಗಾಡಿ ಕೊಣ್ಣೂರಿನಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ತಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಮಾಲು ಇಳಿಸಿ ಅದೇ ದಾರಿಯಲ್ಲಿ ಖಾಲಿ ಬರುವಾಗ ವೇಗ 60. ಹೋಗಿ ಬಂದ ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು?

ಹಲಗೆಯ ಮೇಲೆ ಪ್ರಶ್ನೆ ಬರೆದು ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ: “ಎರಡೂ ಕೂಡ್ಸಿ ಅರ್ಧಾ ಮಾಡಿದ್ರ ಆತಲ್ರೀ ಸರ್, ಐವತ್ತು!”

ತಪ್ಪು ಎಂದು ನಾನು ಹೇಳುವುದಿಲ್ಲ. ಹೋಗಲು ಎಷ್ಟು ಹೊತ್ತು ಹಿಡಿಯಿತು, ಬರಲು ಎಷ್ಟು ಹಿಡಿಯಿತು ಎಂದಷ್ಟೇ ಕೇಳುತ್ತೇನೆ. ದಾರಿಯನ್ನು 60 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ (ನಿಜದ ದೂರ ಅದಕ್ಕಿಂತ ಹೆಚ್ಚು, ಲೆಕ್ಕ ಸಲೀಸಾಗಲಿ ಎಂದು 60). ಹೋಗಲು ಒಂದೂವರೆ ತಾಸು, ಬರಲು ಒಂದು ತಾಸು. ಒಟ್ಟು 120 ಕಿಲೋಮೀಟರ್, ಎರಡೂವರೆ ತಾಸು. ಭಾಗಿಸಿದರೆ 48.

ಎರಡು ಕಿಲೋಮೀಟರ್ ಎಲ್ಲಿ ಹೋಯಿತು? ಗಾಡಿ 40ರ ವೇಗದಲ್ಲಿ ಇದ್ದದ್ದು ಒಂದೂವರೆ ತಾಸು, 60ರ ವೇಗದಲ್ಲಿ ಇದ್ದದ್ದು ಬರೀ ಒಂದು ತಾಸು. ಹೆಚ್ಚು ಹೊತ್ತು ನಡೆದ ವೇಗ ಸರಾಸರಿಯನ್ನು ತನ್ನ ಕಡೆ ಜಗ್ಗಿಕೊಳ್ಳುತ್ತದೆ. 50 ಎಂದು ಬರೆದವರು ಎರಡಕ್ಕೂ ಸಮಪಾಲು ಕೊಟ್ಟರು. ಹೊತ್ತಿನ ಪ್ರಕಾರ ಪಾಲು ಹಾಕಬೇಕಿತ್ತು.

ನಮ್ಮ ಭಾಗದ ಜನಕ್ಕೆ ಹೊತ್ತಿನ ಲೆಕ್ಕ ಹೊಸದೇನಲ್ಲ. ಹುಬ್ಬಳ್ಳಿ ಎಷ್ಟು ದೂರ ಐತಿ ಎಂದು ಕೇಳಿ ನೋಡಿ. “ಎರಡು ತಾಸಿನ ಹಾದಿ ಐತ್ರಿ” ಎನ್ನುತ್ತಾರೆ. ಯಾರೂ ಕಿಲೋಮೀಟರ್ ಹೇಳುವುದಿಲ್ಲ. ಮನೆಯಲ್ಲಿ ಹೀಗೆ ಯೋಚಿಸುವ ಮಗು ಶಾಲೆಯಲ್ಲಿ ಪೆನ್ನು ಹಿಡಿದ ಕೂಡಲೇ ಹೊತ್ತನ್ನು ಮರೆತು ಕಣ್ಣಿಗೆ ಬಿದ್ದ ಎರಡು ಅಂಕಿಗಳನ್ನು ಕೂಡಿಸಿಬಿಡುತ್ತದೆ. ಆ ಚಾಳಿಯನ್ನು ನಾವು ಮೇಷ್ಟ್ರುಗಳೇ ಅಂಟಿಸಿದ್ದು ಎಂದು ನನ್ನ ಗುಮಾನಿ. ‘ಸರಾಸರಿ’ ಪಾಠದಲ್ಲಿ ವಾರಗಟ್ಟಲೆ ಅಂಕ, ಎತ್ತರ, ತೂಕ ಕೂಡಿಸಿ ಭಾಗಿಸುವುದನ್ನೇ ಮಾಡಿಸಿರುತ್ತೇವೆ.

2. ದೂರ ಕೊಡದಿದ್ದರೆ ನೀವೇ ಇಟ್ಟುಕೊಳ್ಳಿ

“ದೂರ ಎಷ್ಟಂತ ಹೇಳಲೇ ಇಲ್ಲಲ್ರೀ” ಎಂದು ತಕರಾರು ತೆಗೆಯುವ ಮಗುವನ್ನು ನಾನು ತಕ್ಷಣ ಮೆಚ್ಚಿಕೊಳ್ಳುತ್ತೇನೆ. ಅದು ಪ್ರಶ್ನೆಯನ್ನು ಓದಿದೆ. ಅದಕ್ಕೆ ನನ್ನ ಉತ್ತರ: ನಿನಗೆ ಬೇಕಾದ ದೂರ ಇಟ್ಟುಕೋ. ಒಬ್ಬರು 60 ಇಡುತ್ತಾರೆ, ಒಬ್ಬರು 100, ತುಂಟರು 7. ಎಲ್ಲರಿಗೂ 48 ಬಂದಾಗ ತರಗತಿಯಲ್ಲಿ ಒಂದು ಗದ್ದಲ ಏಳುತ್ತದಲ್ಲ, ಸೂತ್ರ ಬರೆಸಿದ ದಿನ ಅದು ಏಳುವುದಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಇರುವ ದೂರ ಹೊಡೆದುಹೋಗುತ್ತದೆ ಎಂದು ಆಮೇಲೆ ತೋರಿಸಿದರೆ ಸಾಕು.

ಜಾಣತನವಿರುವುದು ದೂರ ಆರಿಸುವುದರಲ್ಲಿ. ವೇಗಗಳ ಲ.ಸಾ.ಅ. ಹಿಡಿದರೆ ಭಿನ್ನರಾಶಿಯ ಕಾಟವೇ ಇಲ್ಲ. 40 ಮತ್ತು 60ಕ್ಕೆ 120: ಮೂರು ತಾಸು, ಎರಡು ತಾಸು, ಒಟ್ಟು 240ಕ್ಕೆ ಐದು ತಾಸು. ದಾರಿಯನ್ನು ಮೂರು ಸಮಭಾಗ ಮಾಡಿ 20, 30, 60ರ ವೇಗದಲ್ಲಿ ಹೋದರೆ? ಒಂದೊಂದು ಭಾಗವೂ 60 ಕಿಲೋಮೀಟರ್ ಎನ್ನಿ. ಮೂರು, ಎರಡು, ಒಂದು: ಆರು ತಾಸು. 180 ಭಾಗಿಸು 6, ಅಂದರೆ 30. ಬಾಯಲ್ಲೇ ಆಯಿತು. ಇದನ್ನೇ ಸೂತ್ರದಲ್ಲಿ ಮಾಡಲು ಹೊರಟವರು ಮೂರು ವೇಗಗಳ ಗುಣಲಬ್ಧದ ಮೂರುಪಟ್ಟನ್ನು ಬರೆದು, ಅದರ ಕೆಳಗೆ ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸುತ್ತಾ ಇನ್ನೂ ಕುಳಿತಿರುತ್ತಾರೆ.

ಸೂತ್ರಕ್ಕೆ ಹೆಸರಿದೆ, ಹರಾತ್ಮಕ ಮಾಧ್ಯ. ಎರಡು ವೇಗಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸುವುದು. ಕಲಿಸುತ್ತೇನೆ, ಆದರೆ ಕೊನೆಗೆ. ಮೊದಲೇ ಕಲಿಸಿದರೆ ಎರಡು ಅಂಕಿ ಕಂಡಲ್ಲೆಲ್ಲ ಅದನ್ನೇ ಹಚ್ಚುತ್ತಾರೆ, ಹಚ್ಚಬಾರದ ಕಡೆಯೂ.

3. ಅರ್ಧ ದಾರಿಯೋ, ಅರ್ಧ ಹೊತ್ತೋ

ಹಚ್ಚಬಾರದ ಕಡೆ ಯಾವುದೆಂದರೆ ಇದು. ಒಬ್ಬ ಬೈಕಿನವನು ಮೊದಲ ಒಂದು ತಾಸು 40ರಲ್ಲಿ, ಮುಂದಿನ ಒಂದು ತಾಸು 60ರಲ್ಲಿ ಹೋದ. ಎರಡು ತಾಸಿಗೆ 100 ಕಿಲೋಮೀಟರ್, ಸರಾಸರಿ 50. ಹಿಂದಿನ ಬೆಂಚಿನವರ ಉತ್ತರ ಇಲ್ಲಿ ಪೂರ್ತಿ ಸರಿ. 48 ಬರೆದ ಜಾಣರು ಇಲ್ಲಿ ಬೀಳುತ್ತಾರೆ.

ಆಮೇಲೆ ಇಬ್ಬರನ್ನೂ ಒಟ್ಟಿಗೆ ಓಡಿಸುತ್ತೇನೆ. ದಾರಿ 120 ಕಿಲೋಮೀಟರ್. ಮೊದಲನೆಯವನು ಅರ್ಧ ದಾರಿ 40, ಅರ್ಧ ದಾರಿ 60. ಎರಡನೆಯವನು ತನ್ನ ಪ್ರಯಾಣದ ಅರ್ಧ ಹೊತ್ತು 40, ಅರ್ಧ ಹೊತ್ತು 60. ಯಾರು ಮೊದಲು ಮುಟ್ಟುತ್ತಾರೆ? ಮೊದಲನೆಯವನಿಗೆ ಎರಡೂವರೆ ತಾಸು. ಎರಡನೆಯವನಿಗೆ 120 ಭಾಗಿಸು 50, ಎರಡು ತಾಸು 24 ನಿಮಿಷ. ಆರು ನಿಮಿಷ ಮುಂದೆ. ಅದೇ ಎರಡು ವೇಗ, ಅದೇ ದಾರಿ, ಆದರೂ ಆರು ನಿಮಿಷದ ಅಂತರ. ಎರಡನೆಯವನು ಜೋರಿನ ವೇಗದಲ್ಲಿ ಹೆಚ್ಚು ದಾರಿ ಕ್ರಮಿಸಿದ, ಅಷ್ಟೇ. ಪ್ರಶ್ನೆಪತ್ರಿಕೆ ತೆಗೆಯುವವರು ‘ಅರ್ಧ’ದ ಮುಂದೆ ಯಾವ ಪದ ಇಟ್ಟಿದ್ದಾರೆ ಎಂಬುದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳುತ್ತೇನೆ.

4. ‘ಒಂದಕ್ಕೆ ಇಷ್ಟು’ ಎಂದಲ್ಲಿ ಆ ಒಂದು ಯಾವುದು ನೋಡಿ

ಯಾವಾಗ ಸಾದಾ ಸರಾಸರಿ, ಯಾವಾಗ ಹರಾತ್ಮಕ ಎಂದು ಮಕ್ಕಳು ಕೇಳುತ್ತಾರೆ. ನಾನು ಕಂಡುಕೊಂಡ ಒರೆಗಲ್ಲು ಇದು: ತಾಸಿಗೆ ಇಷ್ಟು, ಲೀಟರಿಗೆ ಇಷ್ಟು, ಕ್ವಿಂಟಲಿಗೆ ಇಷ್ಟು ಎನ್ನುವಾಗ ‘ಗೆ’ ಹತ್ತಿದ ವಸ್ತು ಎರಡೂ ಸಲ ಸಮನಾಗಿದ್ದರೆ ಕೂಡಿಸಿ ಅರ್ಧ ಮಾಡಬಹುದು. ಇಲ್ಲದಿದ್ದರೆ ಕೂಡದು.

ಉಳ್ಳಾಗಡ್ಡಿಯಲ್ಲೇ ನೋಡೋಣ. ರೈತ ಹತ್ತು ಕ್ವಿಂಟಲ್ ಮಾಲನ್ನು 1,200ರಂತೆ, ಇನ್ನೊಂದು ವಾರ ಮತ್ತೆ ಹತ್ತು ಕ್ವಿಂಟಲನ್ನು 2,000ದಂತೆ ಮಾರಿದ. ಕ್ವಿಂಟಲ್ ಎರಡೂ ಸಲ ಸಮ. ಸರಾಸರಿ ಧಾರಣೆ 1,600. ಆದರೆ ವ್ಯಾಪಾರಿ ಎರಡೂ ವಾರ 12,000 ರೂಪಾಯಿ ಹಾಕಿ ಖರೀದಿ ಮಾಡಿದ ಅನ್ನಿ. ಮೊದಲ ವಾರ ಹತ್ತು ಕ್ವಿಂಟಲ್, ಎರಡನೇ ವಾರ ಆರು. 24,000 ಭಾಗಿಸು 16: ಅವನಿಗೆ ಬಿದ್ದದ್ದು 1,500. ಅದೇ ಎರಡು ದರದಲ್ಲಿ ಮಾರಿದವನಿಗೂ ಕೊಂಡವನಿಗೂ ಸರಾಸರಿ ಬೇರೆ. ರೈತರ ಮನೆಯ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಡೀಸೆಲ್ ಲೆಕ್ಕವೂ ಹಾಗೆಯೇ. ಹೇರಿಕೊಂಡು ಹೋಗುವಾಗ ಲೀಟರಿಗೆ 10, ಖಾಲಿ ಬರುವಾಗ 15 ಕೊಡುವ ಗಾಡಿಯ ಸರಾಸರಿ ಮೈಲೇಜು ಹನ್ನೆರಡೂವರೆ ಅಲ್ಲ, 12. ಅರವತ್ತು ಕಿಲೋಮೀಟರಿಗೆ ಆರು ಲೀಟರ್, ಅರವತ್ತಕ್ಕೆ ನಾಲ್ಕು. ಬಾಡಿಗೆ ಹೇಳುವಾಗ ಹನ್ನೆರಡೂವರೆ ಹಿಡಿದ ಮಾಲೀಕನಿಗೆ ಪ್ರತಿ ಟ್ರಿಪ್ಪಿಗೂ ತುಸು ತುಸು ನಷ್ಟ. ಯಾಕೆ ನಷ್ಟ ಎಂದು ಅವನಿಗೆ ತಿಳಿಯುವುದೂ ಇಲ್ಲ.

5. ನಿಧಾನದ ತುಂಡಿನಲ್ಲೇ ಹೊತ್ತು ಅಡಗಿರುತ್ತದೆ

ಈ ಪಾಠ ಪರೀಕ್ಷೆಗಿಂತ ರಸ್ತೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರೆಭೂಮಿಯ ನಡುವೆ ಹೆದ್ದಾರಿ ನೆಟ್ಟಗೆ, ಸಮತಟ್ಟಾಗಿ ಇರುವ ಕಡೆ ಗಾಡಿ ತಾನೇ ತಾನಾಗಿ ಓಡುತ್ತದೆ. ತಡವಾಗುವುದು ಊರೊಳಗೆ: ಹಂಪು, ಸಂತೆ, ಸ್ಟ್ಯಾಂಡು, ಎದುರಿಗೆ ಎರಡು ಡಬ್ಬಿ ಹೇರಿಕೊಂಡು ಬರುವ ಟ್ರ್ಯಾಕ್ಟರು.

60 ಕಿಲೋಮೀಟರ್ ದಾರಿಯಲ್ಲಿ 50 ಕಿಲೋಮೀಟರ್ ಬಯಲು, ಅಲ್ಲಿ ವೇಗ 60. ಉಳಿದ 10 ಕಿಲೋಮೀಟರ್ ಊರುಗಳ ಒಳಗೆ, ಅಲ್ಲಿ 15. ಬಯಲಿಗೆ 50 ನಿಮಿಷ, ಊರೊಳಗೆ 40. ಒಟ್ಟು ಒಂದೂವರೆ ತಾಸು, ಸರಾಸರಿ 40. ದಾರಿಯ ಆರರಲ್ಲಿ ಒಂದು ಪಾಲು ಮಾತ್ರ ಇರುವ ತುಂಡು ಹೊತ್ತಿನಲ್ಲಿ ಹೆಚ್ಚುಕಡಿಮೆ ಅರ್ಧ ನುಂಗಿತು.

ಈಗ ಡ್ರೈವರ್ ಗಡಿಬಿಡಿಯವನು. ಬಯಲಿನಲ್ಲಿ 60 ಬಿಟ್ಟು 75ರಲ್ಲಿ ಓಡಿಸಿದ. ಬಯಲು 40 ನಿಮಿಷಕ್ಕೆ ಮುಗಿಯಿತು. ಉಳಿಸಿದ್ದು ಹತ್ತೇ ನಿಮಿಷ, ಸರಾಸರಿ 45. ಅದರ ಬದಲು ಊರಿಗೆ ಹೊರಗಿನಿಂದ ಬೈಪಾಸ್ ಆಗಿ, ಆ 10 ಕಿಲೋಮೀಟರನ್ನು 30ರಲ್ಲಿ ಹೋಗಲು ಬಂದರೆ? 40 ನಿಮಿಷದ್ದು 20 ಆಯಿತು. ಬಯಲಿನಲ್ಲಿ ಹಳೆಯ 60ರಲ್ಲೇ ಆರಾಮಾಗಿ ಹೋದರೂ ಒಟ್ಟು 70 ನಿಮಿಷ, ಸರಾಸರಿ 51ರ ಮೇಲೆ. ಬಯಲಿನಲ್ಲಿ ಜೀವ ಪಣಕ್ಕಿಟ್ಟು ಉಳಿಸಿದ್ದರ ಎರಡರಷ್ಟು ಹೊತ್ತು ಯಾರೂ ಜೋರಾಗಿ ಓಡಿಸದೆಯೇ ಉಳಿಯಿತು.

ಹೊಸದಾಗಿ ಬೈಕು ತೆಗೆದುಕೊಂಡ ಹುಡುಗರು ಕ್ಲಾಸಿಗೆ ಬಂದಾಗ ನಾನು ಈ ಲೆಕ್ಕವನ್ನು ತಪ್ಪದೆ ಮಾಡಿಸುತ್ತೇನೆ. ಉಪದೇಶ ಮಾಡುವುದಿಲ್ಲ. 80ರಿಂದ 100ಕ್ಕೆ ಏರಿಸಿದರೆ ಹತ್ತು ಕಿಲೋಮೀಟರಿನಲ್ಲಿ ಉಳಿಯುವುದು ಎಷ್ಟು ಎಂದು ಅವರ ಕೈಯಲ್ಲೇ ಲೆಕ್ಕ ಹಾಕಿಸುತ್ತೇನೆ. ಏಳೂವರೆ ನಿಮಿಷದ್ದು ಆರು ನಿಮಿಷ. ಒಂದೂವರೆ ನಿಮಿಷ! ನರಗುಂದದ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ ಮೊಬೈಲು ನೋಡಿದರೆ ಅಷ್ಟು ಹೊತ್ತು ಹೋಗಿರುತ್ತದೆ.

6. ಖರ್ಚಾದ ಹೊತ್ತನ್ನು ಮುಂದಿನ ವೇಗ ತುಂಬಿಕೊಡಲಾರದು

ಅರ್ಧ ದಾರಿ 30ರಲ್ಲಿ ಬಂದಾಯಿತು. ಒಟ್ಟು ಸರಾಸರಿ 60 ಆಗಬೇಕಾದರೆ ಉಳಿದರ್ಧ ದಾರಿಯನ್ನು ಎಷ್ಟು ವೇಗದಲ್ಲಿ ಹೋಗಬೇಕು?

“ತೊಂಬತ್ತು” ಎಂದು ಇಡೀ ಕ್ಲಾಸು ಒಕ್ಕೊರಲಿನಲ್ಲಿ ಕೂಗುತ್ತದೆ. ಸರಿ, ದಾರಿ 60 ಕಿಲೋಮೀಟರ್ ಇಡಿ. 60ರ ಸರಾಸರಿ ಬರಬೇಕಾದರೆ ಒಟ್ಟು ಹೊತ್ತು ಒಂದು ತಾಸು. ಮೊದಲ 30 ಕಿಲೋಮೀಟರಿಗೆ 30ರ ವೇಗದಲ್ಲಿ ಹಿಡಿದದ್ದು? ಒಂದು ತಾಸು. ಇಲ್ಲಿ ತರಗತಿ ಗಪ್ಪಾಗುತ್ತದೆ. ಉಳಿದ 30 ಕಿಲೋಮೀಟರಿಗೆ ಒಂದು ಸೆಕೆಂಡೂ ಬಾಕಿ ಇಲ್ಲ. 90ರಲ್ಲಿ ಹೋದರೆ ಸರಾಸರಿ 45. ವಿಮಾನದಂತೆ 300ರಲ್ಲಿ ಹಾರಿದರೂ 54ರ ಮೇಲೆ ಸ್ವಲ್ಪ. 60 ಮುಟ್ಟುವುದೇ ಇಲ್ಲ.

ಇದೇ ಜಾತಿಯ ಒಂದು ಲೆಕ್ಕವನ್ನು ಗೆಸ್ಟಾಲ್ಟ್ ಮನೋವಿಜ್ಞಾನದ ಮ್ಯಾಕ್ಸ್ ವರ್ಟ್‌ಹೈಮರ್ 1934ರಲ್ಲಿ ಐನ್‌ಸ್ಟೈನ್ ಅವರಿಗೆ ಪತ್ರದಲ್ಲಿ ಬರೆದು ಕಳಿಸಿದ್ದರು. ಹಳೆಯ ಕಾರೊಂದು ಒಂದು ಮೈಲಿ ಗುಡ್ಡ ಹತ್ತಿ ಒಂದು ಮೈಲಿ ಇಳಿಯಬೇಕು. ಹತ್ತುವಾಗ ಗಂಟೆಗೆ 15 ಮೈಲಿ. ಒಟ್ಟು ಸರಾಸರಿ 30 ಆಗಲು ಇಳಿಯುವಾಗ ಎಷ್ಟು ವೇಗ ಬೇಕು? ಎರಡು ಮೈಲಿಯನ್ನು 30ರಲ್ಲಿ ಹೋಗಲು ನಾಲ್ಕು ನಿಮಿಷ. ಹತ್ತುವುದಕ್ಕೇ ನಾಲ್ಕು ನಿಮಿಷ ಮುಗಿದಿದೆ. ಲೆಕ್ಕ ಹಾಕಿ ನೋಡಿದ ಮೇಲೆಯೇ ಇಳಿಯಲು ಹೊತ್ತು ಉಳಿದಿಲ್ಲವೆಂದು ತಮಗೆ ಗೊತ್ತಾದದ್ದು ಎಂದು ಐನ್‌ಸ್ಟೈನ್ ಉತ್ತರ ಬರೆದರು. ಈ ಕಥೆ ಹೇಳಿದ ದಿನ ತೊಂಬತ್ತು ಎಂದು ಕೂಗಿದ ಮಕ್ಕಳ ಮುಖದಲ್ಲಿ ಕಳೆ ಬರುತ್ತದೆ.

ಇದರಿಂದ ಹುಟ್ಟುವ ಕಟ್ಟಳೆ ಪರೀಕ್ಷೆಗೂ ಒಳ್ಳೆಯದು: ಎರಡು ಸಮದೂರಗಳ ಸರಾಸರಿ ವೇಗ ಕಡಿಮೆ ವೇಗದ ಎರಡರಷ್ಟನ್ನು ಎಂದೂ ಮುಟ್ಟುವುದಿಲ್ಲ.

7. ನಿಂತ ಹೊತ್ತೂ ಪ್ರಯಾಣದ ಹೊತ್ತೇ

“ಬಸ್ಸು ನಿಂತಿತ್ತಲ್ರೀ, ಓಡಲಿಲ್ಲಲ್ಲ, ಅದನ್ಯಾಕ ಹಿಡೀಬೇಕು?” ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ದಾರಿ ಕಾಯುವವರಿಗೆ ಬಸ್ಸು ಓಡಿದ್ದೂ ನಿಂತದ್ದೂ ಒಂದೇ ಎನ್ನುವುದು ನನ್ನ ಉತ್ತರ. ಪ್ರಶ್ನೆಯಲ್ಲಿ ‘ನಿಲುಗಡೆ ಬಿಟ್ಟು’ ಎಂದಿದ್ದರೆ ಮಾತ್ರ ಬಿಡಬೇಕು.

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ರೂಪ: ನಿಲುಗಡೆ ಬಿಟ್ಟರೆ ಬಸ್ಸಿನ ವೇಗ 60, ನಿಲುಗಡೆ ಸೇರಿದರೆ 48, ತಾಸಿಗೆ ಎಷ್ಟು ನಿಮಿಷ ನಿಲ್ಲುತ್ತದೆ? ತಾಸಿಗೆ 12 ಕಿಲೋಮೀಟರ್ ಕಡಿಮೆ ಬಿತ್ತು. ಆ 12 ಕಿಲೋಮೀಟರನ್ನು 60ರಲ್ಲಿ ಓಡಲು ಬೇಕಾದ ಹೊತ್ತು 12 ನಿಮಿಷ. ಅಷ್ಟೇ ನಿಂತದ್ದು.

ರೈಲಿನ ವೇಳಾಪಟ್ಟಿ ಇದಕ್ಕೆ ಒಳ್ಳೆಯ ಅಭ್ಯಾಸ. 2023ರ ಜೂನ್ 27ರಂದು ಶುರುವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ಸುಮಾರು 490 ಕಿಲೋಮೀಟರನ್ನು ಆರೂವರೆ ತಾಸಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಸರಾಸರಿ 75ರ ಸುತ್ತಮುತ್ತ. ‘ಅಷ್ಟು ಜೋರಿನ ಗಾಡಿ ಅಂತಾರ, ಬರೇ ಎಪ್ಪತ್ತೈದಾ?’ ಎಂದು ಮಕ್ಕಳು ನಿರಾಶರಾಗುತ್ತಾರೆ. ತಿರುವು, ನಿಲ್ದಾಣ ಎಲ್ಲ ಸೇರಿದ 75 ಅದು. ಅದರ ಗರಿಷ್ಠ ವೇಗ ಬೇರೆ ಮಾತು.

ನಮ್ಮ ಹೆದ್ದಾರಿಗೆ ಇನ್ನೊಂದು ನಿಲುಗಡೆಯೂ ಗೊತ್ತು, ಯಾವ ವೇಳಾಪಟ್ಟಿಯಲ್ಲೂ ಇಲ್ಲದ್ದು. ಕಳಸಾ–ಬಂಡೂರಿ ನೀರಿಗಾಗಿ ನರಗುಂದ, ನವಲಗುಂದದಲ್ಲಿ ರಸ್ತೆ ತಡೆ ನಡೆದ ದಿನಗಳಲ್ಲಿ ಎರಡು ತಾಸಿನ ಹಾದಿ ನಾಲ್ಕು ತಾಸು ಹಿಡಿದರೆ ಸರಾಸರಿ ನೇರ ಅರ್ಧಕ್ಕೆ ಇಳಿಯಿತು. ಸೊನ್ನೆ ವೇಗದಲ್ಲಿ ಕಳೆದ ಎರಡು ತಾಸು ಅದು. ಸೊನ್ನೆಯನ್ನು ಹಚ್ಚಿ ಹರಾತ್ಮಕ ಸೂತ್ರ ಮಾಡಲು ಹೋದವರಿಗೆ ಉತ್ತರವೂ ಸೊನ್ನೆಯೇ ಬರುತ್ತದೆ. ಆ ಸೂತ್ರ ಸಮದೂರಕ್ಕೆ, ನಿಂತ ಗಾಡಿಗೆ ದೂರವೇ ಇಲ್ಲ. ಒಟ್ಟು ದೂರ, ಒಟ್ಟು ಹೊತ್ತು ಎಂದು ಹೊರಟವರು ಮಾತ್ರ ಇಲ್ಲಿ ದಾರಿ ತಪ್ಪುವುದಿಲ್ಲ.

8. 2.4 ತಾಸು ಎಂದರೆ ಎರಡು ತಾಸು ನಲವತ್ತು ನಿಮಿಷವಲ್ಲ

ಎರಡು ತಾಸು 24 ನಿಮಿಷ. ಇದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಪ್ರತಿ ಬ್ಯಾಚಿನಲ್ಲೂ ಅರ್ಧ ಜನ 2.24 ಎಂದೇ ಬರೆಯುತ್ತಾರೆ. ನಿಮಿಷವನ್ನು 60ರಿಂದ ಭಾಗಿಸಿ ಎನ್ನುವುದು ಬಿಟ್ಟರೆ ಇದಕ್ಕೆ ಔಷಧವಿಲ್ಲ. ದಶಮಾಂಶ ಬೇಡವೆನ್ನಿಸಿದರೆ ಎಲ್ಲವನ್ನೂ ನಿಮಿಷಕ್ಕೆ ತನ್ನಿ, ಕೊನೆಗೆ 60ರಿಂದ ಗುಣಿಸಿ. ನಾನು ಹಾಗೆಯೇ ಮಾಡುತ್ತೇನೆ.

9. ಹೊಳೆ ಹೋಗುವಾಗ ಕೊಟ್ಟದ್ದನ್ನು ಬರುವಾಗ ಹೆಚ್ಚಾಗಿ ಕಸಿಯುತ್ತದೆ

ನಿಂತ ನೀರಿನಲ್ಲಿ ದೋಣಿಯ ವೇಗ 10, ಹರಿವಿನ ವೇಗ 2. ಹರಿವಿನ ಜೊತೆ ಹೋದರೆ 12, ಎದುರು ಬಂದರೆ 8. ಹೋಗುವಾಗ ಎರಡು ಲಾಭ, ಬರುವಾಗ ಎರಡು ನಷ್ಟ, ಸರಿಹೋಯಿತಲ್ಲ ಎನ್ನಿಸುತ್ತದೆ. ಸರಿಹೋಗುವುದಿಲ್ಲ: 24 ಕಿಲೋಮೀಟರ್ ಹೋಗಲು ಎರಡು ತಾಸು, ಬರಲು ಮೂರು. 48 ಭಾಗಿಸು 5, ಅಂದರೆ 9.6. ನಷ್ಟದ ವೇಗದಲ್ಲಿ ಹೆಚ್ಚು ಹೊತ್ತು ಇದ್ದೆವು. ಹರಿವು ಎಷ್ಟೇ ಇರಲಿ, ಹೋಗಿ ಬರುವ ಪ್ರಯಾಣ ನಿಂತ ನೀರಿಗಿಂತ ತಡವೇ. ಎದುರುಗಾಳಿಗೆ ಸೈಕಲ್ ತುಳಿದವರಿಗೂ ಇದು ಗೊತ್ತು.

“ಬ್ಯಾಸಗ್ಯಾಗ ನಮ್ಮ ಹೊಳ್ಯಾಗ ನೀರ ಇರಂಗಿಲ್ರೀ ಸರ್, ದೋಣಿ ಹೊತ್ಕೊಂಡ ಹೋಗಬೇಕು” ಎಂದು ಒಬ್ಬ ಹುಡುಗ ಅಂದದ್ದು ಇನ್ನೂ ನಗು ತರಿಸುತ್ತದೆ. ಆದರೆ ಅದೇ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರಿನೊಂದಿಗೆ ಊರೊಳಗೇ ಬಂತು. ಕೊಣ್ಣೂರಿನ ಹತ್ತಿರ ಹೆದ್ದಾರಿ ಮುಳುಗಿ ಗಾಡಿಗಳು ಸುತ್ತುದಾರಿ ಹಿಡಿದವು. ಆ ಸುತ್ತುದಾರಿಯಿಂದ ನಾನೊಂದು ಲೆಕ್ಕ ಮಾಡಿಕೊಂಡಿದ್ದೇನೆ. ನೇರ ದಾರಿ 60 ಕಿಲೋಮೀಟರ್, ಸರಾಸರಿ 40. ಸುತ್ತುದಾರಿ 100 ಕಿಲೋಮೀಟರ್, ಸರಾಸರಿ 50. ಯಾವ ದಾರಿಯಲ್ಲಿ ಬೇಗ ಮುಟ್ಟುತ್ತೀರಿ? ನೇರ ದಾರಿಗೆ ಒಂದೂವರೆ ತಾಸು, ಸುತ್ತಿಗೆ ಎರಡು. ಸರಾಸರಿ ವೇಗ ಹೆಚ್ಚು ಬಂದ ಮಾತ್ರಕ್ಕೆ ಊರು ಬೇಗ ಬಂತೆಂದಲ್ಲ. ಮೊಬೈಲಿನ ನಕ್ಷೆ ಖಾಲಿ ರಸ್ತೆ ಎಂದು ಸುತ್ತಿಸುವಾಗ ಇದನ್ನು ನೆನೆಸಿಕೊಳ್ಳಬಹುದು.

10. ವ್ಯಸ್ತ ತ್ರೈರಾಶಿಕ ಗೊತ್ತಿದ್ದವರಿಗೆ ಈ ಪಾಠವೇ ಬೇಡ

ದಾರಿ ಅದೇ ಇದ್ದು ವೇಗ ಎರಡರಷ್ಟಾದರೆ ಹೊತ್ತು ಅರ್ಧ. ಒಂದು ಏರಿದರೆ ಇನ್ನೊಂದು ಇಳಿಯುವ ಈ ನಂಟನ್ನು ಹಳೆಯ ಲೆಕ್ಕದವರು ವ್ಯಸ್ತ ತ್ರೈರಾಶಿಕ ಎನ್ನುತ್ತಿದ್ದರು, ನಾವು ವಿಲೋಮಾನುಪಾತ ಎನ್ನುತ್ತೇವೆ. ಸರಾಸರಿ ವೇಗಕ್ಕೆ ಮೊದಲು ನಾನು ಎರಡು ದಿನ ಬರೀ ಇದನ್ನೇ ಆಡಿಸುತ್ತೇನೆ. 40 ಮತ್ತು 60 ವೇಗ, ಅಂದರೆ 2 ಮತ್ತು 3ರ ಅನುಪಾತ. ಹಾಗಾದರೆ ಹೊತ್ತು 3 ಮತ್ತು 2. ಇಷ್ಟು ಬಾಯಿಗೆ ಬಂದರೆ ಮುಂದಿನದೆಲ್ಲ ಮೇಲೋಗರ.

ಈ ಮಾತಿಗೂ ಕೊಣ್ಣೂರಿಗೂ ಒಂದು ದೂರದ ಸಂಬಂಧವಿದೆ, ನಾನು ಮಕ್ಕಳಿಗೆ ಜಂಬದಿಂದ ಹೇಳುವಂಥದ್ದು. ನಮ್ಮೂರಿನ ಕಲ್ಲುಶಾಸನ ಶಕ 782ರ, ಅಂದರೆ ಕ್ರಿ.ಶ. 860ರ ದತ್ತಿಯೊಂದನ್ನು ಹೇಳುತ್ತದೆ. ಕೊಟ್ಟವನು ರಾಷ್ಟ್ರಕೂಟರ ಅಮೋಘವರ್ಷ. ಕೇಳಿದವನು ಅವನ ದಂಡನಾಯಕ ಬಂಕೇಶ. ದತ್ತಿ ಸಂದದ್ದು ಬಂಕೇಶ ಕೊಳನೂರಿನಲ್ಲಿ ಕಟ್ಟಿಸಿದ ಬಸದಿಗೆ. ಆ ಕೊಳನೂರೇ ಈ ಕೊಣ್ಣೂರು. ಈಗಿರುವ ಕಲ್ಲು ಮೂಲವಲ್ಲ, ಆಮೇಲೆ ಕೆತ್ತಿಸಿದ ಪ್ರತಿ. ಅದೇ ಅಮೋಘವರ್ಷನನ್ನು ಹೊಗಳಿ ತನ್ನ ‘ಗಣಿತಸಾರಸಂಗ್ರಹ’ವನ್ನು ಶುರುಮಾಡಿದವನು ಗಣಿತಜ್ಞ ಮಹಾವೀರಾಚಾರ್ಯ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದ ಆ ಗ್ರಂಥದಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯವಿದೆ. ಅದರಲ್ಲಿ ಮುಂದೆ ಇಷ್ಟು ಸಾಗಿ ಹಿಂದೆ ಇಷ್ಟು ಸರಿಯುವ ಪ್ರಾಣಿ ದಾರಿ ಮುಗಿಸಲು ಎಷ್ಟು ಹೊತ್ತು ಬೇಕು ಎನ್ನುವ ಬಗೆಯ ಲೆಕ್ಕಗಳೂ ಇವೆ. ಕನ್ನಡದಲ್ಲೇ ಇಂಥ ಲೆಕ್ಕ ಬೇಕೆಂದರೆ ಹನ್ನೆರಡನೇ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವಿದೆ.

ಇಂಥ ಪುಸ್ತಕ ಕಾಣದ ನಮ್ಮ ಹಿರಿಯರೂ ತ್ರೈರಾಶಿಕವನ್ನು ಬಾಯಲ್ಲೇ ಮಾಡುತ್ತಿದ್ದರು. ನಾಲ್ಕು ಆಳಿಗೆ ಆರು ದಿನದ ಕಳೆ, ಎಂಟು ಆಳು ಹಚ್ಚಿದರೆ ಮೂರು ದಿನ. ಹೊಲದಲ್ಲಿ ಈ ಲೆಕ್ಕ ತಪ್ಪದ ಹೆಣ್ಣುಮಗಳ ಮೊಮ್ಮಗ ಶಾಲೆಯಲ್ಲಿ ವೇಗದ ಲೆಕ್ಕ ತಪ್ಪಿಸಿದರೆ ದೋಷ ಮಗುವಿನದು ಎಂದು ನಾನು ಒಪ್ಪುವುದಿಲ್ಲ.

11. ಕ್ಯಾಮೆರಾಗಳ ಮುಂದೆ ಮಾತ್ರ ಬ್ರೇಕು ಒತ್ತಿ ಉಪಯೋಗವಿಲ್ಲ

ಕ್ಯಾಮೆರಾ ಕಂಡಾಗ ಮಾತ್ರ ನಿಧಾನ ಮಾಡುವವರಿಗೆ ಕೆಲವು ದೇಶಗಳು ಸರಾಸರಿ ವೇಗದಿಂದಲೇ ಉತ್ತರ ಕೊಟ್ಟಿವೆ. ಇಟಲಿಯ ಹೆದ್ದಾರಿಗಳಲ್ಲಿ 2005ರಿಂದ ‘ಟ್ಯೂಟರ್’ ಎಂಬ ವ್ಯವಸ್ಥೆಯಿದೆ: ಒಂದು ಕಡೆ ಗಾಡಿ ಹೊಕ್ಕ ಹೊತ್ತು, ಇನ್ನೊಂದು ಕಡೆ ಹೊರಬಿದ್ದ ಹೊತ್ತು, ನಡುವಿನ ದೂರ. ಭಾಗಾಕಾರ ಮಾಡಿ ಚೀಟಿ ಮನೆಗೆ. ಮಿತಿ 80 ಇರುವ ಹತ್ತು ಕಿಲೋಮೀಟರನ್ನು ಆರು ನಿಮಿಷದಲ್ಲಿ ದಾಟಿದವನ ಸರಾಸರಿ 100. ಅವನು ಎಲ್ಲೋ ಒಂದು ಕಡೆ 100 ಮುಟ್ಟಿಯೇ ಇರಬೇಕು. ಒಂದು ಕ್ಷಣವೂ ಮುಟ್ಟದೆ ಸರಾಸರಿ 100 ಬರುವುದು ಸಾಧ್ಯವಿಲ್ಲ. ಕಲನಶಾಸ್ತ್ರದ ಸರಾಸರಿ ಮೌಲ್ಯದ ಪ್ರಮೇಯ ಹೇಳುವುದೂ ಇದನ್ನೇ. ಎಂಟನೇ ತರಗತಿಯ ಮಗು ಅದನ್ನು ಪ್ರಮೇಯದ ಹೆಸರಿಲ್ಲದೆ ಒಪ್ಪಿಕೊಳ್ಳುತ್ತದೆ.

12. ಬಾಯಿಲೆಕ್ಕಕ್ಕೊಂದು ಕೀಲಿ, ಪರೀಕ್ಷೆಗೊಂದು ಜರಡಿ

ಎರಡು ಸಮದೂರಗಳ ಲೆಕ್ಕದಲ್ಲಿ ಮೊದಲು ಸಾದಾ ಸರಾಸರಿ ತೆಗೆಯಿರಿ. ಅದರಿಂದ ಒಂದೊಂದು ವೇಗ ಎಷ್ಟು ದೂರ ಇದೆ ನೋಡಿ, ಆ ದೂರದ ವರ್ಗವನ್ನು ಸಾದಾ ಸರಾಸರಿಯಿಂದ ಭಾಗಿಸಿ, ಬಂದದ್ದನ್ನು ಸಾದಾ ಸರಾಸರಿಯಲ್ಲಿ ಕಳೆಯಿರಿ. 40, 60: ನಡುವೆ 50, ಅಂತರ 10, ನೂರನ್ನು 50ರಿಂದ ಭಾಗಿಸಿದರೆ 2; ಉತ್ತರ 48. 30, 70: ಅಂತರ 20, 400 ಭಾಗಿಸು 50, ಅಂದರೆ 8, ಉತ್ತರ 42. 20, 80: ಅಂತರ 30, ಕಳೆಯಬೇಕಾದ್ದು 18; ಉತ್ತರ 32. ಮೂರರಲ್ಲೂ ಸಾದಾ ಸರಾಸರಿ ಐವತ್ತೇ. ಏರಿಳಿತ ಹೆಚ್ಚಾದಷ್ಟೂ ದಂಡ ಎಷ್ಟು ಬೇಗ ಬೆಳೆಯುತ್ತದೆ ನೋಡಿ, ಅಂತರ ಮೂರುಪಟ್ಟಾದರೆ ದಂಡ ಒಂಬತ್ತುಪಟ್ಟು. ಸಮವೇಗದಲ್ಲಿ ಹೋಗುವ ಮುದುಕನ ಗಾಡಿ ಗಡಿಬಿಡಿ ಮಾಡುವ ಹುಡುಗನ ಗಾಡಿಗಿಂತ ಮುಂಚೆ ಮುಟ್ಟುವುದರ ಗುಟ್ಟು ಈ ವರ್ಗದಲ್ಲಿದೆ.

ಜರಡಿ ಎಂದದ್ದು ಆಯ್ಕೆಯ ಪ್ರಶ್ನೆಗಳಿಗೆ. ನಾಲ್ಕು ಆಯ್ಕೆಗಳಲ್ಲಿ ಸಾದಾ ಸರಾಸರಿ ಬಹುಪಾಲು ಇದ್ದೇ ಇರುತ್ತದೆ, ಬಲೆಯಾಗಿ. ಸಮದೂರ ಎಂದು ಖಾತ್ರಿಯಾದರೆ ಅದನ್ನೂ ಅದಕ್ಕಿಂತ ಮೇಲಿನದನ್ನೂ ಹೊಡೆದುಹಾಕಿ. ಕಡಿಮೆ ವೇಗಕ್ಕಿಂತ ಕೆಳಗಿನದನ್ನೂ ಹೊಡೆಯಿರಿ. ಅನೇಕ ಸಲ ಉಳಿಯುವುದು ಒಂದೇ. 45 ಮತ್ತು 90ಕ್ಕೆ 40, 60, 67.5, 72 ಎಂಬ ಆಯ್ಕೆಗಳಿದ್ದರೆ ಪೆನ್ನು ಎತ್ತುವ ಮೊದಲೇ ಉತ್ತರ ಸಿಕ್ಕಿದೆ.

ಕಡೆಗೆ ಒಂದು ಲೆಕ್ಕ, ಹೊಸ ಬ್ಯಾಚಿಗೆ ನಾನು ಮನೆಗೆ ಕೊಟ್ಟು ಕಳಿಸುವಂಥದ್ದು. ಒಬ್ಬಳು ಅರ್ಧ ದಾರಿಯನ್ನು 30ರ ವೇಗದಲ್ಲಿ ಹೋದಳು. ಉಳಿದ ಅರ್ಧ ದಾರಿಗೆ ಹಿಡಿದ ಹೊತ್ತಿನಲ್ಲಿ ಅರ್ಧ ಹೊತ್ತು 50ರಲ್ಲಿ, ಅರ್ಧ ಹೊತ್ತು 70ರಲ್ಲಿ ಹೋದಳು. ಇಡೀ ಪ್ರಯಾಣದ ಸರಾಸರಿ ವೇಗ 40. ನಿಮಗೆ 50 ಬಂದಿದ್ದರೆ ಮೊದಲನೇ ಪಾಠ ಇನ್ನೊಮ್ಮೆ ಓದಿ. 45 ಬಂದಿದ್ದರೆ ಮೂರನೆಯದು.